ಎಡಿಎಚ್‌ಡಿ ಜೊತೆಗೆ ಆತಂಕ: ಯಾವ ಚಿಕಿತ್ಸೆ ನಮ್ಮ ಮಗಳಿಗೆ ಎಷ್ಟು ಒಗ್ಗಿತು

ನಮ್ಮ ಮಗಳಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ. ಜೊತೆಗೆ ವಿಪರೀತ ಆತಂಕ. ಈಗ ಐದನೇ ಕ್ಲಾಸು. ನಾವಿರುವುದು ಮುಂಬೈಯ ಮುಲುಂಡ್‌ನಲ್ಲಿ. ಮಾಟುಂಗದ ಕನ್ನಡ ಕಾರ್ಯಕ್ರಮದಲ್ಲೋ, ಊರ ಕಡೆಯವರ ಮದುವೆಯಲ್ಲೋ ಯಾರಾದರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವುದುಂಟು: "ನಮ್ಮ ಹುಡುಗನಿಗೂ ಅದೇ ಅಂತಿದಾರೆ. ನೀವೇನು ಕೊಡ್ತಿದ್ದೀರಿ? ಗುಣ ಕಂಡಿತಾ?" ಕಾಫಿ ಲೋಟ ಹಿಡಿದು ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಮಾಡಿ ನೋಡಿದ್ದನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಬರೆಯುತ್ತಿದ್ದೇನೆ. ಡೋಸ್ ಎಷ್ಟು ಅಂತ ಬರೆಯುವುದಿಲ್ಲ. ಅದನ್ನು ಮಗುವಿನ ತೂಕ ನೋಡಿ, ಹೃದಯದ ತೊಂದರೆ ಏನಾದರೂ ಇದೆಯಾ ವಿಚಾರಿಸಿ ಡಾಕ್ಟರೇ ಹೇಳಬೇಕು.

ಚಿಕಿತ್ಸೆ ಕೆಲಸ ಮಾಡ್ತಿಲ್ಲ ಅನ್ನುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ದಿನದ ಯಾವ ಹೊತ್ತಿನಲ್ಲಿ ಕೆಲಸ ಮಾಡ್ತಿಲ್ಲ? ಗಮನದ ತೊಂದರೆಗಾ, ಭಯಕ್ಕಾ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಗಣಿತದ ಪುಸ್ತಕ ತೆರೆದಿಟ್ಟು ಕಿಟಕಿ ನೋಡುತ್ತ ಕೂತ ಮಗುವಿನ ಮನಸ್ಸು ಎಲ್ಲೋ ತಿರುಗಾಡುತ್ತಿರಬಹುದು. ಅಥವಾ ಉತ್ತರ ತಪ್ಪಾದರೆ ಏನು ಗತಿ ಅಂತ ಹೆದರಿ ಕೈ ಆಡದೆ ಕೂತಿರಬಹುದು. ಮೊದಲನೆಯದಕ್ಕೆ ಕೊಟ್ಟ ಮಾತ್ರೆಯಿಂದ ಎರಡನೆಯದು ಕಡಿಮೆ ಆಗಲೇಬೇಕು ಅಂತಿಲ್ಲ. ಕೆಲವು ಸಲ ಜಾಸ್ತಿಯೂ ಆಗುತ್ತದೆ.

ಧಾರವಾಡದಲ್ಲಿರುವ ನಮ್ಮ ಅವ್ವನಿಗೆ ಇದೆಲ್ಲ ಅತಿ ಅನ್ನಿಸುತ್ತದೆ. "ನೀನೂ ಹಿಂಗ ಇದ್ದಿ. ಏನಾತೀಗ? ಬ್ಯಾಂಕಿನ್ಯಾಗ ನೌಕರಿ ಸಿಗಲಿಲ್ಲೇನು?" ಅಂತಾಳೆ. ಅವಳ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶದ ಪಾಲು ಶೇ. 70ರಿಂದ 80. ಅಂದರೆ ಮಗಳು ಇದನ್ನು ಪಡೆದದ್ದು ಮೊಬೈಲಿನಿಂದಲ್ಲ, ಬಹುಶಃ ನನ್ನಿಂದ.

ಎರಡು ಮಾತ್ರೆಗಳು

ಮೊದಲು ಕೊಟ್ಟದ್ದು ಮಿಥೈಲ್‌ಫೆನಿಡೇಟ್. ಎಲ್ಲ ಕಡೆ ಮೊದಲು ಕೊಡುವುದು ಸಾಮಾನ್ಯವಾಗಿ ಇದನ್ನೇ. ನಾರ್ಕೋಟಿಕ್ಸ್ ಕಾನೂನಿನ ಪಟ್ಟಿಯಲ್ಲಿರುವ ಔಷಧ, ಹಾಗಾಗಿ ಎಲ್ಲ ಮೆಡಿಕಲ್‌ಗಳಲ್ಲೂ ಇಟ್ಟಿರುವುದಿಲ್ಲ. ಹೆಸರು ಕೇಳಿದ ಕೂಡಲೇ ಕೌಂಟರಿನವನು ನಮ್ಮನ್ನು ಒಂದು ಥರ ನೋಡುತ್ತಾನೆ. ಚೀಟಿ ಸರಿಯಾಗಿದ್ದರೆ ಹೆದರುವುದೇನಿಲ್ಲ.

ಇದರ ದೊಡ್ಡ ಗುಣ ಅಂದರೆ ಫಲ ಅವತ್ತೇ ಕಾಣುತ್ತದೆ. ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಶುರು. ಸಾಮಾನ್ಯ ಮಾತ್ರೆ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಇಲ್ಲೇ ಒಂದು ತಮಾಷೆ. ಮಗಳ ಶಾಲೆ ಬೆಳಗಿನ ಪಾಳಿ, ಏಳಕ್ಕೆ ಶುರು. ಆರೂವರೆಗೆ ಮಾತ್ರೆ ಕೊಟ್ಟರೆ ಹತ್ತೂವರೆಗೆ ಅದರ ಆಟ ಮುಗಿಯಿತು. ಓಪನ್ ಡೇ ದಿನ ಗಣಿತದ ಟೀಚರ್ "ಏನೂ ಬದಲಾವಣೆ ಇಲ್ಲ" ಅಂದರು, ಇಂಗ್ಲಿಷ್ ಟೀಚರ್ "ಬೇರೆಯೇ ಹುಡುಗಿ ಆಗಿದಾಳೆ" ಅಂದರು. ಇಂಗ್ಲಿಷ್ ಮೊದಲ ಪೀರಿಯಡ್, ಗಣಿತ ಕೊನೆಯದು. ಇಬ್ಬರೂ ಹೇಳಿದ್ದು ನಿಜವೇ.

ಡಾಕ್ಟರ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಿದರು. ಗಣಿತವೂ ಸುಧಾರಿಸಿತು. ಆದರೆ ಹಸಿವು ಹೋಯಿತು. ಡಬ್ಬಿ ತೆರೆದರೆ ಚಪಾತಿ ರೋಲಿನ ಮೇಲೆ ಒಂದೇ ಒಂದು ಕಚ್ಚಿದ ಗುರುತು, ಉಳಿದದ್ದು ಹಾಗೇ. ಇದಕ್ಕೆ ಉಪಾಯ ಇದೆ. ಮಾತ್ರೆಗೆ ಮುಂಚೆ ಗಟ್ಟಿ ತಿಂಡಿ ಕೊಡಬೇಕು, ರಾತ್ರಿ ಹಸಿವು ಮರಳಿದಾಗ ಇನ್ನೊಂದು ಸಲ ಊಟ. ಬೆಳಿಗ್ಗೆ ಆರಕ್ಕೆ ತುಪ್ಪದ ದೋಸೆ, ರಾತ್ರಿ ಒಂಬತ್ತೂವರೆಗೆ ಮೊಸರನ್ನ. ತೂಕವನ್ನೂ ಎತ್ತರವನ್ನೂ ಡಾಕ್ಟರ್ ಪ್ರತಿ ಭೇಟಿಯಲ್ಲಿ ನೋಡುತ್ತಿದ್ದರು. ನೋಡದಿದ್ದರೆ ನೀವೇ ಕೇಳಿ.

ಸಾಯಂಕಾಲಕ್ಕೆ ಮಾತ್ರ ಉಪಾಯ ಸಿಗಲಿಲ್ಲ. ಮಾತ್ರೆ ಇಳಿಯುವ ಹೊತ್ತಿಗೆ ಸಿಡುಕು, ಅಳು. ಪೆನ್ಸಿಲ್ ಮೊನೆ ಮುರಿದದ್ದಕ್ಕೆ ಒಂದು ಗಂಟೆ ಅತ್ತಿದ್ದಾಳೆ. ಬೆರಳಿನ ಚರ್ಮ ಕಿತ್ತು ಗಾಯ ಮಾಡಿಕೊಳ್ಳುವುದೂ ಆಗಲೇ ಶುರುವಾಯಿತು. ಆತಂಕ ಇರುವ ಮಕ್ಕಳೆಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಎಷ್ಟೋ ಮಕ್ಕಳಿಗೆ ಗಮನ ಸರಿಹೋದ ಕೂಡಲೇ ಭಯವೂ ತಗ್ಗುತ್ತದೆ. ನಮ್ಮವಳಿಗೆ ಹಾಗಾಗಲಿಲ್ಲ.

ಆಮೇಲೆ ಅಟೊಮಾಕ್ಸೆಟಿನ್. ಇದು ಮೊದಲಿನದರ ಥರ ಸ್ಟಿಮ್ಯುಲಂಟ್ (ಮಿದುಳನ್ನು ಚುರುಕುಗೊಳಿಸುವ ಔಷಧ) ಅಲ್ಲ, ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕ ಔಷಧ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸ್ವಭಾವ ಪೂರ್ತಿ ಬೇರೆ. ಅದು ಗಂಟೆಗಳ ಲೆಕ್ಕ, ಇದು ವಾರಗಳ ಲೆಕ್ಕ. ನಾಲ್ಕರಿಂದ ಆರು ವಾರ ಏನೂ ಕಾಣದಿರಬಹುದು, ಪೂರ್ತಿ ಫಲಕ್ಕೆ ಇನ್ನೂ ಜಾಸ್ತಿ ಕಾಯಬೇಕು. ಶುರುವಿನಲ್ಲಿ ಹೊಟ್ಟೆನೋವು, ವಾಕರಿಕೆ, ಮಧ್ಯಾಹ್ನ ತೂಕಡಿಕೆ. ಎಷ್ಟೋ ಜನ ಇದೇ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಊಟದ ನಂತರ ಕೊಟ್ಟರೆ ಹೊಟ್ಟೆಯ ಗಲಾಟೆ ಕಡಿಮೆ. ಕ್ಯಾಪ್ಸೂಲನ್ನು ಬಿಡಿಸಿ ಜೇನುತುಪ್ಪದಲ್ಲಿ ಕಲಸುವ ಹಾಗಿಲ್ಲ, ಒಳಗಿನ ಪುಡಿ ಕಣ್ಣಿಗೆ ತಾಗಿದರೆ ಉರಿ. ನುಂಗಲು ಬಾರದ ಮಗುವಿಗೆ ಇದು ದೊಡ್ಡ ತೊಡಕು.

ಗಮನದ ವಿಷಯ ಒಂದನ್ನೇ ಹಿಡಿದರೆ ಮಿಥೈಲ್‌ಫೆನಿಡೇಟ್ ಮುಂದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಟೊಮಾಕ್ಸೆಟಿನ್ ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮ ಇರುತ್ತದೆ, ಸಂಜೆಯ ಇಳಿತ ಇಲ್ಲ. ಬೆರಳು ಕೀಳುವುದು ನಿಂತಿತು. ನಮಗೆ ಸಂಜೆಗಳು ಬೇಕಿದ್ದವು, ಗಣಿತದ ನಾಲ್ಕು ಮಾರ್ಕು ಹೋದರೆ ಹೋಗಲಿ ಅಂತ ಇದರಲ್ಲೇ ನಿಂತೆವು. ಮನೆಯಲ್ಲಿ ಆರಾಮಾಗಿದ್ದು ಶಾಲೆಯಲ್ಲಿ ಮಾತ್ರ ಒದ್ದಾಡುವ ಮಗುವಾದರೆ ನಾನೇ ಮಿಥೈಲ್‌ಫೆನಿಡೇಟ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ ಅಂತ ಹೇಳುತ್ತಿದ್ದೆ.

ಮಗುವಿನ ಜೊತೆ ಮಾತು, ನಮ್ಮ ಜೊತೆ ಮಾತು

ಮಾತ್ರೆಗಿಂತ ಇಲ್ಲಿನ ವ್ಯತ್ಯಾಸ ನನಗೆ ಜಾಸ್ತಿ ದೊಡ್ಡದು ಅನ್ನಿಸಿತು.

ಸಿಬಿಟಿ ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಅದರಲ್ಲಿ ಥೆರಪಿಸ್ಟ್ ಮಗುವಿನ ಜೊತೆ ಕೂರುತ್ತಾರೆ. ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲು ಮಾಡಿ ಬರೆಸುತ್ತಾರೆ, ಒಂದೊಂದಾಗಿ ಹತ್ತಿಸುತ್ತಾರೆ. ಆತಂಕಕ್ಕೆ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ತೊಡಕು ಏನೆಂದರೆ, ಮನೆಯಲ್ಲಿ ಅಭ್ಯಾಸ ಮಾಡಬೇಕು, ಹಾಳೆ ತುಂಬಬೇಕು, ಕಲಿತದ್ದು ಭಯ ಬಂದ ಹೊತ್ತಿಗೆ ನೆನಪಾಗಬೇಕು. ಎಡಿಎಚ್‌ಡಿ ಇರುವ ಮಗುವಿಗೆ ಆಗದೇ ಇರುವುದು ಸರಿಯಾಗಿ ಈ ಮೂರೇ. ಹಾಳೆಗಳು ಸ್ಕೂಲ್ ಬ್ಯಾಗಿನ ತಳದಲ್ಲಿ ಬಾಳೆಹಣ್ಣಿನ ಜೊತೆ ಸಿಗುತ್ತಿದ್ದವು. ಮೊದಲು ಸೆಷನ್ ಇದ್ದದ್ದು ಸಂಜೆ ಐದಕ್ಕೆ, ಅಂದರೆ ಆಗ ಕೊಡುತ್ತಿದ್ದ ಮಾತ್ರೆ ಇಳಿಯುವ ಹೊತ್ತಿಗೆ. ಶನಿವಾರ ಬೆಳಿಗ್ಗೆಗೆ ಬದಲಿಸಿದ ಮೇಲೆ ಅದೇ ಥೆರಪಿಸ್ಟ್, ಅದೇ ಹುಡುಗಿ, ಆದರೆ ಏನೋ ತಲೆಗೆ ಹೋಗತೊಡಗಿತು. ಥೆರಪಿ ಬಿಡುವ ಮುಂಚೆ ಗಡಿಯಾರ ನೋಡಿ, ಅಷ್ಟೇ ನನ್ನ ಸಲಹೆ.

ಇನ್ನೊಂದು ದಾರಿ ಅಪ್ಪ ಅಮ್ಮನ ಜೊತೆ ಮಾತ್ರ ಕೆಲಸ ಮಾಡುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಸ್ ರೂಪಿಸಿದ ಸ್ಪೇಸ್ ಅನ್ನುವ ಕ್ರಮ ಇದೆ. ಅದರಲ್ಲಿ ಮಗು ಥೆರಪಿಗೆ ಬರುವುದೇ ಇಲ್ಲ. ಆತಂಕ ಇರುವ 124 ಮಕ್ಕಳನ್ನು ಸಿಬಿಟಿಗೂ ಇದಕ್ಕೂ ಹಂಚಿ ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸಿಬಿಟಿಗಿಂತ ಇದು ಕಡಿಮೆಯಲ್ಲ ಅಂತ ಕಂಡುಬಂತು. ನಮ್ಮ ಕೌನ್ಸೆಲರ್ ಆ ಧಾಟಿಯಲ್ಲೇ ನಡೆಸಿದರು.

ಮಗಳ ದೊಡ್ಡ ಭಯ ಮಳೆ. ಮಳೆಯೇ ಅಲ್ಲ, ಮಳೆಗೆ ಲೋಕಲ್ ನಿಂತು ಅಮ್ಮ ಮನೆಗೆ ಬಾರದೇ ಇರುವುದು. ಹೆಂಡತಿಯ ಆಫೀಸು ಫೋರ್ಟ್‌ನಲ್ಲಿ. ಸಯನ್, ಕುರ್ಲಾ ಹತ್ತಿರ ಹಳಿಗೆ ನೀರು ಬಂದರೆ ಸೆಂಟ್ರಲ್ ಲೈನ್ ಮುಗಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದ ಕತೆಯನ್ನು ಸೊಸೈಟಿಯಲ್ಲಿ ಪ್ರತಿ ಮಳೆಗಾಲ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗಾಗಿ ಇದು ಇಲ್ಲದ ಭೂತ ಅಲ್ಲ, ಇರುವ ಅಪಾಯವೇ. "ಪಪ್ಪಾ, ಟ್ರೇನ್ ಬಂದ್ ಆದ್ರ ಮಮ್ಮಿ ಹೆಂಗ ಬರ್ತಾಳ?" ನಾನು: "ಏನಾಗಲ್ಲ ಪುಟ್ಟಾ, ಬರ್ತಾಳ." ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಅಮ್ಮನಿಗೆ ಫೋನು. ದಾದರ್ ದಾಟಿದಾಗ ಫೋನು, ಘಾಟ್ಕೋಪರ್ ದಾಟಿದಾಗ ಫೋನು. ಹೆಂಡತಿ ತುಂಬಿದ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು ಹಿಡಿದು ಉತ್ತರ ಕೊಡುತ್ತಿದ್ದಳು.

ಕೌನ್ಸೆಲರ್ ಹೇಳಿದ್ದು ಇಷ್ಟು: ಪ್ರತಿ ಸಲ ನೀವು ಧೈರ್ಯ ಹೇಳಿದಾಗ ಭಯ ಒಂದು ನಿಮಿಷ ತಗ್ಗುತ್ತದೆ, ಆ ಒಂದು ನಿಮಿಷಕ್ಕಾಗಿ ಅವಳು ಮತ್ತೆ ಕೇಳುತ್ತಾಳೆ. ಹೊಸ ನಿಯಮ ಮಾಡಿದೆವು, ಮಗಳಿಗೆ ಮೊದಲೇ ತಿಳಿಸಿ, ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಅಮ್ಮ ಹೊರಡುವಾಗ ಒಂದು ಫೋನು, ಅಷ್ಟೇ. ಆಮೇಲೆ ಕೇಳಿದರೆ ನನ್ನದು ಒಂದೇ ಉತ್ತರ: "ಹೆದರಿಕಿ ಆಗೇದ ಅಂತ ಗೊತ್ತದ. ನಿನಗ ತಡಕೊಳ್ಳಿಕ್ಕೆ ಬರ್ತದ." ಮೊದಲ ವಾರ ನರಕ. ಕಿರುಚಾಟ, ಬಾಗಿಲು ಬಡಿತ, ಪಕ್ಕದ ಫ್ಲಾಟಿನ ಕಾಕೂ ಬಂದು "ಕಾಯ್ ಝಾಲಾ?" (ಏನಾಯಿತು?) ಅಂತ ಮರಾಠಿಯಲ್ಲಿ ವಿಚಾರಿಸಿದರು. ಆಮೇಲೆ ಪ್ರಶ್ನೆಗಳು ವಿರಳವಾದವು. ಭಯ ಹೋಗಿಲ್ಲ, ಮೋಡ ಕವಿದರೆ ಈಗಲೂ ಮುಖ ಸಣ್ಣಗಾಗುತ್ತದೆ. ಆದರೆ ಭಯ ಇಟ್ಟುಕೊಂಡೇ ಹೋಮ್‌ವರ್ಕ್ ಮಾಡುತ್ತಾಳೆ.

ಸಿಬಿಟಿ ಮಗುವಿನ ನೆನಪಿನ ಮೇಲೆ ನಿಂತಿದೆ, ಇದು ನಮ್ಮ ನೆನಪಿನ ಮೇಲೆ. ಹಾಗಾಗಿ ಎಡಿಎಚ್‌ಡಿ ಇರುವ ಮಗುವಿಗೆ ಇದು ಸುಲಭ. ಅಪ್ಪ ಅಮ್ಮ ಇಬ್ಬರೂ ಒಂದೇ ಮಾತಿಗೆ ನಿಲ್ಲಬೇಕು ಅನ್ನುವುದು ಇದರ ಕಷ್ಟ. ಅವ್ವ ಊರಿಂದ ಬಂದಾಗಲೆಲ್ಲ ನಿಯಮ ಅರ್ಧ ಮುರಿಯುತ್ತದೆ. ಬರೀ ನಮ್ಮ ಮನೆಯ ಅನುಭವ ಅಂದುಕೊಳ್ಳಬೇಡಿ. 1999ರಲ್ಲಿ ಬಂದ, ಮಾತ್ರೆಯನ್ನೂ ನಡವಳಿಕೆ ಚಿಕಿತ್ಸೆಯನ್ನೂ ಹೋಲಿಸಿ ನೋಡಿದ ಎಂಟಿಎ ಅನ್ನುವ ಅಧ್ಯಯನದಲ್ಲಿ ಎಡಿಎಚ್‌ಡಿ ಇರುವ 579 ಮಕ್ಕಳಿದ್ದರು. ಒಟ್ಟಾರೆ ಮಾತ್ರೆಯೇ ಗೆದ್ದಿತು. ಆದರೆ ಜೊತೆಗೆ ಆತಂಕವೂ ಇದ್ದ ಮಕ್ಕಳಲ್ಲಿ ಅಪ್ಪ ಅಮ್ಮನಿಗೆ ತರಬೇತಿ ಕೊಟ್ಟು ನಡೆಸಿದ ನಡವಳಿಕೆ ಚಿಕಿತ್ಸೆ ಮಾತ್ರೆಗೆ ಹೆಚ್ಚುಕಡಿಮೆ ಸರಿಸಮ ನಿಂತಿತು.

ಉಳಿದವು

ಆಕ್ಯುಪೇಷನಲ್ ಥೆರಪಿ ಸೆಂಟರಿನಲ್ಲಿ ತಿಂಗಳ ಪ್ಯಾಕೇಜು. ಜೋಕಾಲಿ, ಭಾರದ ಜಾಕೆಟ್ಟು, ಬ್ರಶ್ಶಿನಿಂದ ಕೈ ಉಜ್ಜುವುದು. ಮಗಳು ಖುಷಿಯಾಗಿ ಹೋಗುತ್ತಿದ್ದಳು, ಅಕ್ಷರ ಸುಧಾರಿಸಿತು. ಗಮನಕ್ಕೂ ಭಯಕ್ಕೂ ಏನೂ ಆಗಲಿಲ್ಲ. ಸೆನ್ಸರಿ ಇಂಟಿಗ್ರೇಷನ್ ಅನ್ನುವ ಈ ಥರದ ಚಿಕಿತ್ಸೆಗೆ ಇರುವ ಆಧಾರ ಸಾಲದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಪೆನ್ಸಿಲ್ ಹಿಡಿಯಲು ಕಷ್ಟಪಡುವ ಮಗುವಿಗೆ ಹೋಗಲಿ, ಎಡಿಎಚ್‌ಡಿ ಗುಣ ಮಾಡಲಿಕ್ಕೆ ಬೇಡ.

ಬ್ರಾಹ್ಮಿ ಘೃತ ಅನ್ನುವ ಆಯುರ್ವೇದದ ತುಪ್ಪ ಅವ್ವನ ಕೊಡುಗೆ. ಡಾಕ್ಟರಿಗೆ ತಿಳಿಸಿಯೇ ಕೊಟ್ಟೆವು, ಒಳ್ಳೆಯದೂ ಕಾಣಲಿಲ್ಲ, ಕೆಟ್ಟದ್ದೂ ಕಾಣಲಿಲ್ಲ. ಸಕ್ಕರೆ ಬಿಡಿಸಿ ನೋಡಿ ಅಂದವರು ಬಹಳ. ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುವುದಿಲ್ಲ ಅಂತ 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿ ತೋರಿಸಿದ್ದಾರೆ. ಹಲ್ಲಿಗಾಗಿ ಬಿಡಿಸಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೈನ್ ಆಕ್ಟಿವೇಷನ್ ಚೀಟಿಯೂ ಸೊಸೈಟಿ ಬೋರ್ಡಿನಲ್ಲಿ ಕಂಡಿತ್ತು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಆಟವನ್ನು ಎಷ್ಟೋ ಸಲ ಬಯಲು ಮಾಡಿದ್ದಾರೆ, ಅದರ ಹೋಲಿಕೆಗೆ ಜಾಗ ದಂಡ.

ಶಾಲೆಯ ವಿಷಯ ಒಂದು ಗೊತ್ತಿರಲಿ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲಿ 21 ನ್ಯೂನತೆಗಳ ಪಟ್ಟಿ ಇದೆ. ಕಲಿಕೆಯ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆದರೂ ಮಾತ್ರೆ ಹಿಡಿಯುತ್ತಿಲ್ಲ ಅನ್ನಿಸಿದರೆ ಕಲಿಕೆಯ ಪರೀಕ್ಷೆ ಮಾಡಿಸಿ. ಸಯನ್, ನಾಯರ್, ಕೆಇಎಂನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ. ಓದಲು ಬಾರದ ಮಗು ಓದುವಾಗ ಹೆದರುವುದು ಸಹಜ ಅಲ್ವಾ? ನಮ್ಮವಳಿಗೆ ಅಂಥದ್ದೇನೂ ಇರಲಿಲ್ಲ, ಹಾಗಾಗಿ ನ್ಯೂನತೆಯ ಸರ್ಟಿಫಿಕೇಟೂ ಇಲ್ಲ. ಕ್ಲಾಸ್ ಟೀಚರ್ ಮುಂದಿನ ಬೆಂಚು ಕೊಟ್ಟು, ಪ್ರಶ್ನೆಪತ್ರಿಕೆಯನ್ನು ಎರಡು ತುಂಡು ಮಾಡಿ ಕೊಡುತ್ತಾರೆ. ಖರ್ಚಿಲ್ಲದ ಈ ಉಪಕಾರಕ್ಕೆ ನನ್ನ ಪಟ್ಟಿಯಲ್ಲಿ ಮೂರನೇ ಸ್ಥಾನ. ಮೊದಲನೆಯದು ನಮಗೆ ಸಿಕ್ಕ ತರಬೇತಿ, ಎರಡನೆಯದು ಅಟೊಮಾಕ್ಸೆಟಿನ್.

ಇನ್ನೂ ಮಾಡಿ ನೋಡದೇ ಇರುವುದು ಆತಂಕದ ಮಾತ್ರೆ. 2008ರಲ್ಲಿ 488 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ ಬಂತು. ಸೆರ್ಟ್ರಲಿನ್ ಅನ್ನುವ ಆತಂಕದ ಮಾತ್ರೆ ಒಂದರಿಂದಲೇ ಸುಮಾರು ಶೇ. 55 ಮಕ್ಕಳು ಚೆನ್ನಾಗಿ ಸುಧಾರಿಸಿದರು, ಸಿಬಿಟಿ ಒಂದರಿಂದ ಶೇ. 60, ಎರಡೂ ಸೇರಿದಾಗ ಶೇ. 81. ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಬರುತ್ತದಾ ಅಂತ ಕಣ್ಣಿಟ್ಟು ನೋಡಬೇಕು. ಈ ಎಚ್ಚರಿಕೆ ಅಟೊಮಾಕ್ಸೆಟಿನ್‌ಗೂ ಇದೆ. ಅಂಥದ್ದು ಕಂಡರೆ ಡಾಕ್ಟರಿಗೆ ಅವತ್ತೇ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಆತಂಕಕ್ಕೆ ಕೊಡುವ ಇನ್ನೊಂದು ಮಾತ್ರೆ ಫ್ಲುಯೊಕ್ಸೆಟಿನ್ ಕೊಟ್ಟರೆ ಅಟೊಮಾಕ್ಸೆಟಿನ್ ಮೈಯಲ್ಲಿ ಬೇಗ ಕರಗದೆ ರಕ್ತದಲ್ಲಿ ಏರುತ್ತದೆ, ಆದ್ದರಿಂದ ಯಾವುದರ ಜೊತೆ ಯಾವುದು ಅಂತ ಕೇಳಲೇಬೇಕು. ಜೂನ್ ಮಳೆಗೆ ಮುಂಚೆಯೇ ಶುರು ಮಾಡೋಣ ಅಂತ ಹೆಂಡತಿ. ಈ ಮಳೆಗಾಲ ಫ್ರಿಜ್ ಮೇಲಿನ ಚೀಟಿಯಿಂದಲೇ ಎಷ್ಟು ಸಾಗುತ್ತದೆ ನೋಡೋಣ ಅಂತ ನಾನು. ಡಾಕ್ಟರ್ ಭೇಟಿ ಮೇ ತಿಂಗಳಲ್ಲಿ, ಇಬ್ಬರ ವಾದವೂ ಅಲ್ಲಿಗೇ ಹೋಗುತ್ತದೆ.