ಎಫ್‌ಎನ್ ಫಾಲ್‌ನಿಂದ ಇಶಾಪುರದ ಎಸ್‌ಎಲ್‌ಆರ್‌ವರೆಗೆ: ಒಂದು ವಿಮರ್ಶೆ

ಬೆಲ್ಜಿಯಂನ ಹೆರ್ಸ್ಟಾಲ್‌ನಲ್ಲಿರುವ ಎಫ್‌ಎನ್ ಶಸ್ತ್ರ ಕಾರ್ಖಾನೆಯಲ್ಲಿ ದ್ಯೂದೊನೆ ಸೇವ್ ರೂಪಿಸಿದ ಫಾಲ್ ರೈಫಲ್ಲನ್ನು 90ಕ್ಕೂ ಹೆಚ್ಚು ದೇಶಗಳು ಬಳಸಿವೆ. ನಮ್ಮ ನಿವೃತ್ತ ಯೋಧರು ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಎಂದು ಕರೆಯುವ, ಪೊಲೀಸ್ ಕಾವಲಿನಲ್ಲಿ ಇನ್ನೂ ಕಾಣಸಿಗುವ ಉದ್ದನೆಯ ಮರದ ಹಿಡಿಯ ಬಂದೂಕು ಇದೇ ವಂಶದ್ದು.

ಈ ವಿನ್ಯಾಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಅನಿಲ ನಿಯಂತ್ರಕವನ್ನು. ಗುಂಡು ಹಾರಿದಾಗ ನಳಿಗೆಯಿಂದ ಕವಲೊಡೆದ ಅನಿಲ ಪಿಸ್ಟನ್ನನ್ನು ತಳ್ಳುತ್ತದೆ, ನಳಿಗೆಯ ಹಿಂಬದಿಯನ್ನು ಮುಚ್ಚಿ ಓರೆಯಾಗಿ ಕೂತು ಬೀಗ ಹಾಕಿದ್ದ ಬೋಲ್ಟು ಮೇಲೆದ್ದು ಹಿಂದೆ ಸರಿಯುತ್ತದೆ. ಆ ಅನಿಲ ಎಷ್ಟು ಬೇಕೆಂಬುದನ್ನು ಸೈನಿಕನೇ ತಿರುಗಿಸಿ ನಿರ್ಧರಿಸಬಹುದಾದ್ದರಿಂದ, ಕೊಳೆ ಕಟ್ಟಿದ ಬಂದೂಕಿಗೆ ಹೆಚ್ಚು ಬಲ ಕೊಡಬಹುದು, ಶುಚಿಯಾಗಿದ್ದಾಗ ಹೆಗಲಿಗೆ ಬೀಳುವ ಹೊಡೆತವನ್ನು ತಗ್ಗಿಸಬಹುದು.

ದೊಡ್ಡ ದೋಷವಿರುವುದು ಕಾಡತೂಸಿನ ಆಯ್ಕೆಯಲ್ಲಿ. ಮೊದಲ ಮಾದರಿಗಳು ಜರ್ಮನಿಯ ಚಿಕ್ಕ ಕಾಡತೂಸಿಗೆ, ಆಮೇಲೆ ಬ್ರಿಟನ್ನಿನ .280 ಇಂಚಿನ ಕಾಡತೂಸಿಗೆ ಸಿದ್ಧವಾಗಿದ್ದವು. ಅಮೆರಿಕದ ಹಟದಿಂದ ನೇಟೋ ಒಪ್ಪಿದ್ದು ಹೆಚ್ಚು ಬಲಶಾಲಿಯಾದ 7.62×51 ಮಿ.ಮೀ. ಕಾಡತೂಸನ್ನು. ಸುಮಾರು 4.3 ಕೆ.ಜಿ. ತೂಕದ ಬಂದೂಕಿನಿಂದ ಟ್ರಿಗರ್ ಒತ್ತಿಹಿಡಿದು ಅದನ್ನು ಸತತವಾಗಿ ಹಾರಿಸಿದರೆ ನಳಿಗೆ ಆಕಾಶ ನೋಡುತ್ತದೆ. ಬ್ರಿಟನ್ ತನ್ನ ಎಲ್1ಎ1 ರೂಪದಲ್ಲಿ ಸತತ ಹಾರಿಕೆಯನ್ನೇ ತೆಗೆದುಹಾಕಿದ್ದು ನನ್ನ ಪ್ರಕಾರ ಈ ರೈಫಲ್ಲಿಗೆ ಆದ ಅತ್ಯುತ್ತಮ ತಿದ್ದುಪಡಿ. ಮರಳು ಸರಿದುಹೋಗಲು ಬೋಲ್ಟು ವಾಹಕದ ಮೇಲೆ ಕೊರೆದ ಗೀರುಗಳು, ಬೋಲ್ಟನ್ನು ಕೈಯಿಂದ ಹಿಂದೆಳೆಯುವ ಕಾಕಿಂಗ್ ಹಿಡಿಕೆಯನ್ನು ಮಡಚುವಂತೆ ಮಾಡಿದ್ದು ಕೂಡ ವಿವೇಕದ ಬದಲಾವಣೆಗಳೇ. ಆದರೆ ಅಳತೆಗಳನ್ನು ಇಂಚಿಗೆ ಬದಲಿಸಿದ್ದರಿಂದ ಬ್ರಿಟಿಷ್ ಮ್ಯಾಗಜೀನ್ ಬೆಲ್ಜಿಯನ್ ಮಾದರಿಗೆ ಕೂರುವುದಿಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಎದುರುಬದುರಾಗಿ ನಿಂತ ಎರಡೂ ಸೇನೆಗಳ ಕೈಯಲ್ಲಿ ಒಂದೇ ವಂಶದ ಬಂದೂಕುಗಳಿದ್ದವು. ಸತತ ಹಾರಿಕೆಯ ಸೌಲಭ್ಯವಿದ್ದದ್ದು ಸೋತ ಅರ್ಜೆಂಟೀನಾದ ಬಳಿ, ಗೆಲುವಿಗೆ ಅದೇ ಕಾರಣವಲ್ಲ ಎನ್ನುವುದು ಬೇರೆ ಮಾತು.

ಇದೇ ಫಾಲ್‌ನ ಆಸ್ಟ್ರಿಯನ್ ರೂಪವಾದ ಎಸ್‌ಟಿಜಿ 58 ಮಡಚುವ ಎರಡು ಕಾಲುಗಳೊಡನೆ ನೋಡಲು ಎಲ್ಲಕ್ಕಿಂತ ಅಚ್ಚುಕಟ್ಟು. ಫಾಲ್ ಬಳಸುತ್ತಿದ್ದ ಇಸ್ರೇಲ್ ಮರುಭೂಮಿಯ ಮರಳಿನಿಂದ ಬೇಸತ್ತು ಗಲೀಲ್ ರೈಫಲ್ಲಿನತ್ತ ಹೊರಳಿತು. ತಯಾರಿಕೆಯ ಪರವಾನಗಿ ಸಿಗದ ಪಶ್ಚಿಮ ಜರ್ಮನಿ ಜಿ3 ಎಂಬ ಬೇರೆ ರೈಫಲ್ಲಿನ ಹಾದಿ ಹಿಡಿಯಿತು.

ಭಾರತದ ಎಸ್‌ಎಲ್‌ಆರ್ ಆದ 1ಎ1 ಹುಟ್ಟಿದ್ದು 1962ರ ಯುದ್ಧದ ಪಾಠದಿಂದ, ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ. ಬೇರೆ ಬೇರೆ ದೇಶಗಳ ಮಾದರಿಗಳನ್ನು ಬಿಚ್ಚಿ ನೋಡಿ, ಪರವಾನಗಿಯಿಲ್ಲದೆ ತಯಾರಿಸಿದ್ದರಿಂದ ಅದು ಬ್ರಿಟಿಷ್ ರೂಪಕ್ಕೂ ಬೆಲ್ಜಿಯನ್ ರೂಪಕ್ಕೂ ಪೂರ್ತಿ ಹೊಂದುವುದಿಲ್ಲ. ಹಿಡಿಯ ತುದಿಯಲ್ಲಿ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಬಗೆಯ ಲೋಹದ ತಗಡನ್ನೇ ಇಟ್ಟದ್ದು ಮಿತವ್ಯಯಕ್ಕೆ ಒಳ್ಳೆಯದು, ಹೆಗಲಿಗೆ ಅಲ್ಲ. ಆದರೂ ಪ್ರತಿ ಗುಂಡಿಗೂ ಬೋಲ್ಟು ಎಳೆಯಬೇಕಿದ್ದ ಆ ಹಳೆಯ .303 ರೈಫಲ್ಲಿನಿಂದ 20 ಗುಂಡುಗಳ ಈ ರೈಫಲ್ಲಿಗೆ ಬಂದದ್ದು ನಿಜವಾದ ಜಿಗಿತ. 1971ರ ಯುದ್ಧಕ್ಕೆ ನಮ್ಮ ಪದಾತಿದಳ ಹೋದದ್ದು ಇದನ್ನು ಹಿಡಿದೇ. 1990ರ ದಶಕದಲ್ಲಿ ಇನ್ಸಾಸ್ ರೈಫಲ್ ಬಂದ ಮೇಲೆ ಪೊಲೀಸರ ಪಾಲಿಗೆ ಉಳಿದ ಈ ಬಂದೂಕನ್ನು ಅಲ್ಲಿ ನಾನು ಶಿಫಾರಸು ಮಾಡಲಾರೆ: ಜೀಪಿನೊಳಗೆ ತಿರುಗಿಸಲಾಗದಷ್ಟು ಉದ್ದ, ಜನನಿಬಿಡ ಬೀದಿಯಲ್ಲಿ ಗುರಿಯನ್ನು ದಾಟಿ ಹಿಂದಿನವರನ್ನೂ ತಾಕಬಲ್ಲ ಗುಂಡು.