ಟಿಪ್ಪಿಂಗ್ ಟ್ರೈಲರ್ ಮಾಡಿಸೋರು ಮೊದಲು ಬಾಡಿ ಕೆಳಗೆ ಬಗ್ಗಿ ನೋಡಿ

ಟ್ರ್ಯಾಕ್ಟರಿಗೆ ಟಿಪ್ಪಿಂಗ್ ಟ್ರೈಲರ್, ಅಂದರೆ ಬಾಡಿ ಎತ್ತಿ ಲೋಡ್ ಸುರಿಯುವ ಟ್ರೈಲರ್, ಮಾಡಿಸಬೇಕು ಅಂತ ಇರುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ಮಾಡಿದ ತಪ್ಪಿಗೆ ನನ್ನ ತಮ್ಮನ ತೋಳು ಹೋಗಬೇಕಿತ್ತು.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ, ಪಕ್ಕದಲ್ಲಿ ಒಂದಿಷ್ಟು ಅಡಿಕೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ತೋಟಕ್ಕೆ ಹೊಡೆಯಬೇಕು. ಆಮೇಲೆ ತಿಪ್ಪೆ ಗೊಬ್ಬರ. ಹಳೇ ಟ್ರೈಲರಿನಿಂದ ಒಂದು ಲೋಡ್ ಗೋಡು ಎಳೆದು ಹಾಕಲು ನಾಲ್ಕು ಆಳಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಆಳೇ ಸಿಗಲ್ಲ, ಸಿಕ್ಕರೂ ಗೋಡು ಅಂದರೆ ಬರಲ್ಲ. ಮೂರು ವರ್ಕ್‌ಶಾಪ್ ಸುತ್ತಿದೆ. ಮೂರನೆಯವನು ಉಳಿದವರಿಗಿಂತ 35 ಸಾವಿರ ಕಡಿಮೆ ಹೇಳಿದ. ಅಲ್ಲೇ ದುಡ್ಡು ಎಣಿಸಿದೆ.

ಅವತ್ತು ನಾನು ನೋಡಿದ್ದೇನು ಗೊತ್ತಾ? ಬಣ್ಣ. ಹಿಂದೆ ಬರೆಸಬೇಕಾದ ದೇವರ ಹೆಸರು. ಟೈರನ್ನ ಒಂದು ಸಲ ಒದ್ದೆ. "ಶೀಟು ಎಷ್ಟು ಗೇಜು?" ಅಂದೆ. "14 ಗೇಜ್ ಅಣ್ಣ, ಬೇರೆಯವರು ಹತ್ತೇ ಹಾಕೋದು" ಅಂದ. ಖುಷಿಯಾಯಿತು. ಗೇಜ್ ನಂಬರ್ ಏರಿದಷ್ಟೂ ಶೀಟು ತೆಳು ಅನ್ನೋದು ಆಮೇಲೆ ತಿಳಿಯಿತು. 10 ಗೇಜ್ ಅಂದರೆ 3 ಮಿ.ಮೀ. ದಾಟುತ್ತೆ, 14 ಅಂದರೆ 2 ಮಿ.ಮೀ. ಆಸುಪಾಸು. ಜೆಸಿಬಿ ಬಕೆಟಿನಿಂದ ಮಣ್ಣು ಬಿದ್ದು ಬಿದ್ದು ಎರಡೇ ತಿಂಗಳಿಗೆ ತಳವೆಲ್ಲ ತಗ್ಗು. ತಗ್ಗಿನಲ್ಲಿ ಹಸಿ ಗೋಡು ಅಂಟಿಕೊಂಡು ಕೂತರೆ ಬಾಡಿ ಎಷ್ಟು ಎತ್ತಿದರೂ ಜಾರಲ್ಲ.

ಇನ್ನು ತೂಕ. ನನ್ನದು 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಒಟ್ಟು 120 ಘನ ಅಡಿ, ಅಂದರೆ 3.4 ಘನ ಮೀಟರ್. ಹಸಿ ಮಣ್ಣು ಘನ ಮೀಟರಿಗೆ ಒಂದೂಮುಕ್ಕಾಲು ಟನ್ ಹತ್ತಿರ ತೂಗುತ್ತೆ. ಸಮನಾಗಿ ತುಂಬಿದರೇ 6 ಟನ್ ಆಯಿತಲ್ವಾ? ಅವನು ಮಾರಿದ್ದು "ಐದು ಟನ್ನಿನ ಟ್ರೈಲರ್" ಅಂತ. ಗೊಬ್ಬರಕ್ಕೆ ಏನೂ ತೊಂದರೆ ಇಲ್ಲ, ಅದು ಇದಕ್ಕಿಂತ ಎಷ್ಟೋ ಹಗುರ. ಬಾಡಿ ತುಂಬಿತು ಅಂದ ಮಾತ್ರಕ್ಕೆ ಲೋಡ್ ಸರಿಯಾಯಿತು ಅಂತಲ್ಲ, ಏನು ತುಂಬಿದ್ದೀರಿ ಅನ್ನೋದು ಮುಖ್ಯ.

ಒಂದು ದಿನ ಬದುವಿನ ಪಕ್ಕ ಸುರಿಯಲು ಹೋದೆ. ಎಡಗಡೆ ಚಕ್ರ ಸ್ವಲ್ಪ ಹೂತಿತು. ಬಾಡಿ ಮೇಲೆದ್ದಿದೆ, ಗೋಡು ಅರ್ಧ ಮುಂದೆಯೇ ಅಂಟಿದೆ, ಟ್ರೈಲರ್ ಎಡಕ್ಕೆ ವಾಲುತ್ತಿದೆ. ಪುಣ್ಯಕ್ಕೆ ಉರುಳಲಿಲ್ಲ, ಮೆಲ್ಲಗೆ ಇಳಿಸಿದೆ. ಆದರೆ ಬಾಡಿ ಎತ್ತುವ ಹೈಡ್ರಾಲಿಕ್ ಜಾಕು ನೇರ ಭಾರಕ್ಕೆ ಮಾಡಿದ್ದು, ಪಕ್ಕದ ಎಳೆತ ತಡೆಯಲ್ಲ. ಅವತ್ತಿನಿಂದ ಸೀಲಿನಲ್ಲಿ ಎಣ್ಣೆ ಜಿನುಗಲು ಶುರುವಾಯಿತು. ಜಾಕಿಗೆ ಹೋಗೋದು ಟ್ರ್ಯಾಕ್ಟರಿನದೇ ಎಣ್ಣೆ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಅದೇ. ಅಲ್ಲಿ ಸೋರಿದರೆ ಇಲ್ಲಿ ಕಡಿಮೆ. ಸುಮ್ನೆ ಒರೆಸಿಕೊಂಡು ಓಡಿಸಿದೆ.

ವಾರದ ಮೇಲೆ ಖಾಲಿ ಬಾಡಿ ಎತ್ತಿ ನಿಲ್ಲಿಸಿದ್ದೆವು. ಬಾಡಿ ತಿರುಗುವ ಹಿಂದಿನ ಪಿನ್ನಿಗೆ ಗ್ರೀಸ್ ಹೊಡೆಯಬೇಕಿತ್ತು. ತಮ್ಮ ಕೆಳಗೆ ತೂರಿ ಎರಡು ನಿಪ್ಪಲ್ (ಗ್ರೀಸ್ ತುಂಬುವ ಬಾಯಿ) ಮುಗಿಸಿದ. ಗ್ರೀಸ್ ಗನ್ನಿನಲ್ಲಿ ಗ್ರೀಸ್ ಖಾಲಿ. ಗನ್ನನ್ನ ಚಾಸಿ (ಬಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಮೇಲಿಟ್ಟು ಡಬ್ಬಿ ತರಲು ನಾಲ್ಕು ಹೆಜ್ಜೆ ಇಟ್ಟಿದ್ದ. ಫಟ್ ಅಂತ ಸದ್ದು. ಬಾಡಿ ಒಂದೇ ಏಟಿಗೆ ಕೆಳಗೆ. ನನ್ನ ಅಂಗಿ ಮೇಲೆಲ್ಲ ಎಣ್ಣೆ. ಗ್ರೀಸ್ ಗನ್ನಿನ ಕೊಳವೆ ರೊಟ್ಟಿಯ ಹಾಗೆ ಚಪ್ಪಟೆ. ಅದರ ಹಿಡಿ ಮಾತ್ರ ಹೊರಗೆ ಉಳಿದಿತ್ತು. ತಮ್ಮ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ.

ನೋಡಿದರೆ ಜಾಕಿಗೆ ಎಣ್ಣೆ ಒಯ್ಯುವ ಹೋಸ್ ಪೈಪಿಗೆ ಒಂದು ಕ್ಲಾಂಪೂ ಇಲ್ಲ. ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಂತಿ ಕಾಣುತ್ತಿತ್ತು. ಈ ಜಾಕು ಎತ್ತೋದು ಎಣ್ಣೆಯ ಒತ್ತಡದಿಂದ, ಇಳಿಯೋದು ಬಾಡಿಯ ಭಾರದಿಂದ. ಹೋಸ್ ಹರಿದರೆ ಹಿಡಿಯಲು ಏನೂ ಇಲ್ಲ. ಬಾಡಿಗೆ ಆನಿಸುವ ಕಬ್ಬಿಣದ ಊರುಗೋಲಾದರೂ ಇರಬೇಕಿತ್ತು, ಅದನ್ನೂ ಹಾಕಿರಲಿಲ್ಲ. ಹೋಗಿ ಕೇಳಿದರೆ ವರ್ಕ್‌ಶಾಪಿನವನು, "ಅದು ಬೇಕಾದ್ರೆ ಎಕ್ಸ್‌ಟ್ರಾ ಅಣ್ಣ. ಎಲ್ರೂ ಮರದ ತುಂಡು ಇಟ್ಕೋತಾರೆ" ಅಂದ!

ಅದಕ್ಕೇ ಹೇಳೋದು, ಬಾಡಿ ಪೂರ್ತಿ ಎತ್ತಿಸಿ, ದೂರ ನಿಂತು ಬಗ್ಗಿ ನೋಡಿ. ಊರುಗೋಲು ಚಾಸಿಗೇ ಕೂಡಿಸಿರಬೇಕು. ಅದು ಖಾಲಿ ಬಾಡಿಗೆ ಮಾತ್ರ, ಲೋಡ್ ಇರುವಾಗ ಅದನ್ನ ನಂಬಿ ಕೆಳಗೆ ಹೋಗಬೇಡಿ. ಜಾಕಿನ ಬುಡದಲ್ಲಿ, ಹೋಸ್ ಹರಿದರೂ ಎಣ್ಣೆ ತಡೆಯುವ ವಾಲ್ವ್ ಹಾಕಿಸಿ. ಹೋಸ್ ಎಲ್ಲೂ ಕಬ್ಬಿಣಕ್ಕೆ ತಾಗಬಾರದು. ಸುರಿಯೋದು ಗಟ್ಟಿ, ಸಮ ನೆಲದಲ್ಲಿ. ಹಾಂ, ಟ್ರೈಲರಿಗೆ ಬೇರೆ ಆರ್‌ಸಿ ಬೇಕು, ಇನ್ಶೂರೆನ್ಸಿನಲ್ಲೂ ಅದನ್ನ ಸೇರಿಸಬೇಕು. ನಾನು ಅದನ್ನೂ ಮಾಡಿಸಿರಲಿಲ್ಲ.

ಈಗ ಬೇರೆ ಕಡೆ ಇದನ್ನೆಲ್ಲ ಹಾಕಿಸಿ, ಜಾಕು ಬದಲಿಸಿ, ತಳಕ್ಕೆ 10 ಗೇಜ್ ಶೀಟು ಹೊದಿಸಿದ್ದೇನೆ. ಉಳಿಸಿದ 35 ಸಾವಿರವೂ ಹೋಯಿತು, ಮೇಲೆ 20 ಸಾವಿರ ಕೈಬಿಟ್ಟಿತು. ತಮ್ಮ ಮಾತ್ರ ಬಾಡಿ ಎತ್ತಿದರೆ ಇನ್ನೂ ಹತ್ತಿರ ಬರಲ್ಲ. ಗ್ರೀಸ್ ನಾನೇ ಹೊಡೀತೀನಿ.