ಗುಹೆಗೆ ಯಾವ ದೀಪ? ಫ್ರೆಂಕಿಶ ಶ್ವೈಟ್ಸ್‌ನಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು 25 ಯೂರೋದ ಸಣ್ಣ ಕೈಟಾರ್ಚು. ಹಳದಿ ಬೆಳಕಿನದು. ಒಂದೇ ಒಂದು ಡಬಲ್ ಎ ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ಮನೆಯಲ್ಲಿ ಹಣೆಗೆ ಕಟ್ಟುವ 80 ಯೂರೋದ ಹೆಡ್‌ಲ್ಯಾಂಪೂ ಇದೆ, 8 ಯೂರೋದ ಹೆಡ್‌ಲ್ಯಾಂಪೂ ಇದೆ. ಆದರೂ ಗುಹೆಗೆ ಹೊರಟಾಗ ಕೈ ಮೊದಲು ಹೋಗುವುದು ಈ ಟಾರ್ಚಿಗೇ. ಯಾಕೆ ಅಂತ ಬರೆಯುತ್ತೇನೆ. ಜರ್ಮನಿಯ ಈ ಕಡೆ ಇರುವ ಕನ್ನಡದವರು ಬೇಸಿಗೆ ಬಂದ ಕೂಡಲೇ ಕೇಳುವ ಪ್ರಶ್ನೆ ಇದು.

ನಾನಿರುವುದು ಎರ್ಲಾಂಗೆನ್‌ನಲ್ಲಿ. ರೈಲು ಹಿಡಿದು ಫೋರ್ಖ್‌ಹೈಮ್, ಅಲ್ಲಿ ಗಾಡಿ ಬದಲಿಸಿ ಎಬರ್ಮಾನ್‌ಶ್ಟಾಟ್, ಆಮೇಲೆ ಬಸ್ಸಿನಲ್ಲಿ ವೀಸೆಂಟ್ ನದಿಯ ಕಣಿವೆಗುಂಟ ಹೋದರೆ ಮುಗ್ಗೆನ್‌ಡಾರ್ಫ್. ಈ ಸೀಮೆಯೇ ಫ್ರೆಂಕಿಶ ಶ್ವೈಟ್ಸ್. ಸುಣ್ಣಕಲ್ಲು, ಡಾಲೊಮೈಟ್ ಬಂಡೆಗಳ ನಾಡು. ಮಳೆನೀರು ಕಲ್ಲನ್ನು ಕರಗಿಸುತ್ತಾ ಬಂದು ಸಾವಿರಕ್ಕೂ ಹೆಚ್ಚು ಗುಹೆಗಳಾಗಿವೆ. ಇವಲ್ಲದೆ ಊರೂರಿಗೂ ಬಂಡೆ ನೆಲಮಾಳಿಗೆಗಳಿವೆ. ಅವನ್ನು ನೀರು ಮಾಡಿದ್ದಲ್ಲ, ಜನ ಬಿಯರ್ ತಣ್ಣಗಿಡಲು ಮರಳುಗಲ್ಲಿನ ಗುಡ್ಡ ಕೊರೆದು ಮಾಡಿಕೊಂಡದ್ದು. ಗುಹೆಗೂ ನೆಲಮಾಳಿಗೆಗೂ ಒಂದೇ ದೀಪ ಒದಗಬೇಕು ಅನ್ನುವುದು ನನ್ನ ಲೆಕ್ಕ.

ಟಿಕೆಟ್ ಕೊಟ್ಟು ಹೋಗುವ ಗುಹೆಗಳಿಗೆ ದೀಪವೇ ಬೇಡ. ಪೊಟೆನ್‌ಸ್ಟೈನ್ ಹತ್ತಿರದ ಟೊಯ್ಫೆಲ್ಸ್ ಗುಹೆ, ಶ್ಟ್ರೈಟ್‌ಬೆರ್ಗ್‌ನ ಬಿಂಗ್ ಗುಹೆ, ರಾಬೆನ್‌ಸ್ಟೈನ್ ಕೋಟೆ ಪಕ್ಕದ ಸೋಫಿಯನ್ ಗುಹೆ, ಮೂರರಲ್ಲೂ ಕರೆಂಟ್ ಬೆಳಕಿದೆ. ಅಲ್ಲಿಗೆ ಸ್ವೆಟರ್ ಒಯ್ಯಿರಿ, ಸಾಕು. ಹೊರಗೆ ಜುಲೈ ಬಿಸಿಲಿದ್ದರೂ ಒಳಗೆ 9 ಡಿಗ್ರಿ ಆಸುಪಾಸು. ದೀಪದ ಮಾತು ಬರುವುದು ಗೇಟಿಲ್ಲದ, ಟಿಕೆಟ್ಟಿಲ್ಲದ ಗುಹೆಗಳಿಗೆ. ಮುಗ್ಗೆನ್‌ಡಾರ್ಫ್‌ನ ಮೇಲಿನ ಕಾಡಿನಲ್ಲಿ ಅಂಥವು ಒಂದರ ಪಕ್ಕ ಒಂದಿವೆ. ಎಲ್ಲಕ್ಕಿಂತ ಸುಲಭದ್ದು ಓಸ್ವಾಲ್ಡ್ ಗುಹೆ. ಸುಮಾರು 60 ಮೀಟರ್ ಉದ್ದ. ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಗೆ ಬರಬಹುದು. ನಡುವೆ ತಲೆ ಬಗ್ಗಿಸಬೇಕು, ಕಾಲಡಿ ಜೇಡಿಮಣ್ಣಿನ ಕೆಸರು. ಮಕ್ಕಳೂ ಹೋಗುತ್ತಾರೆ.

ಈಗ 80 ಯೂರೋದ ಹೆಡ್‌ಲ್ಯಾಂಪ್ ವಿಷಯ. ಪೆಟ್ಟಿಗೆ ಮೇಲೆ 1000 ಲ್ಯೂಮೆನ್ (ಬೆಳಕು ಎಷ್ಟು ಅನ್ನುವ ಅಳತೆ) ಎಂದಿದೆ, ಯುಎಸ್‌ಬಿಯಲ್ಲಿ ಚಾರ್ಜ್ ಆಗುತ್ತದೆ, ನೀರು ತಾಗಿದರೂ ಏನೂ ಆಗುವುದಿಲ್ಲ. ರಾತ್ರಿ ಕಾಡುದಾರಿಯಲ್ಲಿ ನಡೆಯುವಾಗ ನಿಜಕ್ಕೂ ಒಳ್ಳೆಯ ದೀಪ. ದೂರದ ಮರದ ಮೇಲಿನ ದಾರಿಗುರುತು ಕೂಡ ಸ್ಪಷ್ಟವಾಗಿ ಕಾಣುತ್ತದೆ.

ಗುಹೆಯೊಳಗೆ ಹಾಗಲ್ಲ. ಹತ್ತು ಹೆಜ್ಜೆ ಒಳಗೆ ಹೋಗಿ ಒಮ್ಮೆ ಉಸಿರು ಬಿಟ್ಟರೆ ಕಣ್ಣ ಮುಂದೆ ಬೆಳ್ಳನೆಯ ಪರದೆ ಎದ್ದು ನಿಲ್ಲುತ್ತದೆ. ಅದು ಕರಗುವ ಹೊತ್ತಿಗೆ ಮುಂದಿನ ಉಸಿರು ಬಂದಿರುತ್ತದೆ. ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಒಳಗೆ ಹೋದವರಿಗಂತೂ ಏನೂ ಕಾಣುವುದಿಲ್ಲ. ಗಾಳಿ ಆಡದ ಮೂಲೆಗಳಲ್ಲಿ ಇನ್ನೂ ಜಾಸ್ತಿ. ಬ್ಯಾಟರಿ ಸರಿ ಇದೆ, ಗಾಜು ಒರೆಸಿದ್ದಾಯಿತು, ಆದರೂ ಎದುರಿಗೆ ಬರೀ ಹೊಗೆ.

ಕಾರಣ ಸರಳ. ನಮ್ಮ ಉಸಿರು ಬಿಸಿ, ತೇವ ತುಂಬಿದ್ದು. ಗುಹೆಯ ಗಾಳಿ ತಣ್ಣಗಿದೆ, ಅದರಲ್ಲೂ ಆಗಲೇ ತೇವ ತುಂಬಿಕೊಂಡಿದೆ. ಉಸಿರಿನ ತೇವಕ್ಕೆ ಹೋಗಲು ಜಾಗವಿಲ್ಲದೆ ಅಲ್ಲೇ ಹನಿಗಟ್ಟಿ ಮಂಜಾಗುತ್ತದೆ. ಹೆಡ್‌ಲ್ಯಾಂಪ್ ಇರುವುದು ಮೂಗಿನ ನೇರ ಮೇಲೆ, ಕಣ್ಣಿಗೆ ನಾಲ್ಕು ಬೆರಳು ದೂರದಲ್ಲಿ. ಬೆಳಕು ಮೊದಲು ಆ ಮಂಜಿಗೆ ಬಡಿದು ನೇರವಾಗಿ ಕಣ್ಣಿಗೇ ವಾಪಸು ಬರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಹೈಬೀಮ್ ಹಾಕಿದರೆ ಆಗುತ್ತದಲ್ಲ, ಥೇಟ್ ಅದೇ. ಬೆಳಕು ಹೆಚ್ಚಿಸಿದಷ್ಟೂ ರಸ್ತೆ ಕಾಣಿಸುವುದಿಲ್ಲ. ಅಂದರೆ 1000 ಲ್ಯೂಮೆನ್ ಎಂದು ಹೆಚ್ಚು ದುಡ್ಡು ಕೊಡುತ್ತೇವಲ್ಲ, ಗುಹೆಯಲ್ಲಿ ಅದೇ ಅಡ್ಡಿ.

ಬೆಳಕು ಕಡಿಮೆ ಮಾಡಿಕೊಂಡರೆ ಆಯಿತಲ್ವಾ ಅನ್ನಬಹುದು. ಮಂಜು ಕಣ್ಣಿಗೆ ಹೊಡೆಯುವುದು ಕಡಿಮೆಯಾಗುತ್ತದೆ, ನಿಜ. ಆದರೆ ಈ ದೀಪಕ್ಕೆ ಇರುವುದು ಒಂದೇ ಗುಂಡಿ. ಒತ್ತಿದಾಗೆಲ್ಲ ಜೋರು, ಮಧ್ಯಮ, ಮಂದ, ಆಮೇಲೆ ಮಿಣುಕು, ಆಮೇಲೆ ಮತ್ತೆ ಜೋರು. ಮಂದದಲ್ಲಿದ್ದಾಗ ಕೆಸರು ಕೈಯಲ್ಲಿ ಒಂದು ಸಲ ಹೆಚ್ಚು ಒತ್ತಿದರೆ ಇಕ್ಕಟ್ಟಾದ ಗುಹೆಯಲ್ಲಿ ಪಟಪಟ ಮಿಣುಕಲು ಶುರು. ಅದನ್ನು ದಾಟಿಸಿದರೆ ಪೂರ್ತಿ ಬೆಳಕು ಎದುರಿಗಿದ್ದವರ ಮುಖಕ್ಕೆ. ಜೊತೆಗೆ ಬಂದ ಮಗು ಹೆದರಿ ಅತ್ತಿದೆ. ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದೂ ನೋಡಿದೆ. ಮಂಜಿನ ಕಾಟ ಅಲ್ಲಿಗೆ ಮುಗಿಯಿತು. ಆದರೆ ಆ ಚೌಕದ ಡಬ್ಬಿ ಕೈಗೆ ಹಿಡಿಯಲು ಮಾಡಿದ್ದಲ್ಲ, ಬೆರಳಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ತೊಂದರೆ ನಿಧಾನಕ್ಕೆ ಗೊತ್ತಾಗುತ್ತದೆ. ಕಣ್ಣಿರುವ ಕಡೆಯಿಂದಲೇ ಬೆಳಕೂ ಬಂದರೆ ನೆರಳು ಕಾಣುವುದಿಲ್ಲ. ನೆರಳಿಲ್ಲದೆ ಉಬ್ಬು ತಗ್ಗು ತಿಳಿಯುವುದಿಲ್ಲ. ಗೋಡೆ ಚಪ್ಪಟೆಯಾಗುತ್ತದೆ. ಕೆಸರಿನಲ್ಲಿ ಮೊಣಕಾಲು ಮುಳುಗುವ ಗುಂಡಿ ಇದೆಯೋ, ಸುಮ್ನೆ ಒದ್ದೆ ನೆಲವೋ ಅಂತ ಅಂದಾಜು ಸಿಗುವುದಿಲ್ಲ. ಕೈಟಾರ್ಚನ್ನು ಸೊಂಟದ ಹತ್ತಿರ ಹಿಡಿದು ಅಡ್ಡಕ್ಕೆ ಬಿಟ್ಟರೆ ಪ್ರತಿ ಕಲ್ಲಿಗೂ ಒಂದೊಂದು ನೆರಳು ಬರುತ್ತದೆ. ಎಲ್ಲಿ ಹೆಜ್ಜೆ ಇಡಬೇಕು ಅಂತ ಕಾಲಿಗೇ ಗೊತ್ತಾಗುತ್ತದೆ.

ಈ ವ್ಯತ್ಯಾಸ ನನಗೆ ಮನದಟ್ಟಾಗಿದ್ದು ಗುಹೆಯಲ್ಲಲ್ಲ, ನೆಲಮಾಳಿಗೆಯಲ್ಲಿ. ಪರಿಚಯದ ಒಂದು ಕುಟುಂಬಕ್ಕೆ ಫೋರ್ಖ್‌ಹೈಮ್ ಹತ್ತಿರದ ಹಳ್ಳಿಯಲ್ಲಿ ಹಳೆ ಬಂಡೆ ನೆಲಮಾಳಿಗೆ ಇದೆ. ಗುಡ್ಡದ ಬದಿಗೆ ಗಿಡ್ಡ ಮರದ ಬಾಗಿಲು. ಒಳಗೆ ಈಗ ಆಲೂಗಡ್ಡೆ, ಸೇಬಿನ ಪೆಟ್ಟಿಗೆ. ನೆಲದ ಮೇಲೆ ಹಿಂದೆ ಬಿಯರ್ ಪೀಪಾಯಿ ಕೂರಿಸುತ್ತಿದ್ದ ದಪ್ಪ ತೊಲೆಗಳು ಹಾಗೇ ಇವೆ. ಹೆಡ್‌ಲ್ಯಾಂಪ್‌ನಲ್ಲಿ ನೋಡಿದರೆ ಬೂದು ಬಣ್ಣದ ನುಣ್ಣನೆ ಗೋಡೆ, ಅಷ್ಟೇ. ಟಾರ್ಚನ್ನು ಗೋಡೆಗೆ ಹೆಚ್ಚುಕಡಿಮೆ ತಾಗಿಸಿ ಬೆಳಕನ್ನು ಓರೆಯಾಗಿ ಹರಿಸಿದೆ. ಗೋಡೆ ತುಂಬಾ ಗೀರುಗಳು ಎದ್ದು ಬಂದವು. ಒಂದರ ಪಕ್ಕ ಒಂದು, ಓರೆಯಾಗಿ, ಒಂದೊಂದೂ ಗೇಣುದ್ದ. ಪಿಕಾಸಿಯ ಒಂದು ಏಟಿಗೆ ಒಂದು ಗೀರು. ಎಡಗೋಡೆಯವು ಒಂದು ಕಡೆಗೆ ವಾಲಿದ್ದರೆ ಬಲಗೋಡೆಯವು ಇನ್ನೊಂದು ಕಡೆಗೆ. ಕೆಲಸ ಮಾಡಿದವನು ಎಲ್ಲಿ ನಿಂತು ಹೇಗೆ ಕೈ ಬೀಸಿದ್ದ ಅಂತ ಓದಬಹುದು. ಭುಜದ ಎತ್ತರದಲ್ಲಿ ಒಂದು ಸಣ್ಣ ಗೂಡು, ಅದರ ಮೇಲಿನ ಕಲ್ಲು ಕಪ್ಪು. ದೀಪ ಇಟ್ಟು ಇಟ್ಟು ಹಿಡಿದ ಮಸಿ. ಹಿಂದಿನ ಸಲ ತಲೆಗೆ ದೀಪ ಕಟ್ಟಿಕೊಂಡು ಬಂದಾಗ ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬಣ್ಣದ ಮಾತೂ ಇದೆ. ಫೋರ್ಖ್‌ಹೈಮ್ ಕಡೆಯ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶ ಇದೆ. ತುಕ್ಕಿನ ಕೆಂಪು, ಅರಿಶಿನ ಹಳದಿ, ಕಂದು ಪಟ್ಟೆ ಪಟ್ಟೆಯಾಗಿರುತ್ತದೆ. ನೀಲಿ ಮಿಶ್ರಿತ ಬಿಳಿ ಬೆಳಕಿಗೆ ಇದೆಲ್ಲ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತದೆ. ಹಳದಿ ಬೆಳಕಿನ ಎಲ್‌ಇಡಿಯಲ್ಲಿ ಬಣ್ಣ ಬಣ್ಣವಾಗೇ ಕಾಣುತ್ತದೆ. ಕೊಳ್ಳುವಾಗ ಪೆಟ್ಟಿಗೆ ಮೇಲೆ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆ ಇದ್ದಷ್ಟೂ ಹಳದಿ) ಆಸುಪಾಸು ಇದೆಯಾ ನೋಡಿ. 6500 ಇದ್ದರೆ ಬೇಡ. ಲ್ಯೂಮೆನ್‌ಗಿಂತ ಈ ಅಂಕಿ ಮುಖ್ಯ.

ಈ ನೆಲಮಾಳಿಗೆಗಳ ಹಿನ್ನೆಲೆ ಗೊತ್ತಿದ್ದರೆ ನೋಡುವ ಕಣ್ಣೂ ಬೇರೆಯಾಗುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ಕೆಡದಂತೆ ಇಡಲು ತಣ್ಣನೆ ಬಂಡೆಯೇ ಗತಿ. ಬರೀ ಕಲ್ಲಿನ ತಂಪು ಸಾಲದೆ ಚಳಿಗಾಲದಲ್ಲಿ ಕೆರೆಯ ಐಸ್ ಕೊಯ್ದು ತಂದು ಒಳಗೆ ತುಂಬುತ್ತಿದ್ದರು. ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. ಆ ಮರಗಳ ಕೆಳಗೆ ಬೆಂಚು ಹಾಕಿ ಅಲ್ಲೇ ಬಿಯರ್ ಮಾರಿದರು. ಫೋರ್ಖ್‌ಹೈಮ್‌ನ ಕೆಲ್ಲರ್‌ವಾಲ್ಡ್ ಅನ್ನುವ ಮಾಳಿಗೆಗಳ ಕಾಡಿನಲ್ಲಿ ಜುಲೈ ಕೊನೆಗೆ ನಡೆಯುವ ಅನ್ನಾ ಜಾತ್ರೆ 1840ರಿಂದ ಬಂದದ್ದು, ಇದೇ ಮಾಳಿಗೆಗಳ ಮೇಲೆ. ನ್ಯೂರೆಂಬರ್ಗ್‌ನಲ್ಲಂತೂ ಬಿಯರ್ ಮಾಡಿ ಮಾರುವವರು ಸ್ವಂತ ಮಾಳಿಗೆ ಇಟ್ಟುಕೊಳ್ಳಲೇಬೇಕು, 10 ಅಡಿ ಆಳ 16 ಅಡಿ ಅಗಲ ಇರಬೇಕು ಅಂತ 1380ರಲ್ಲೇ ನಗರಸಭೆಯ ಆಜ್ಞೆ ಇತ್ತು. 1870ರ ದಶಕದಲ್ಲಿ ಜರ್ಮನ್ ಎಂಜಿನಿಯರ್ ಲಿಂಡೆಯ ತಂಪು ಯಂತ್ರ ಬಂದ ಮೇಲೆ ಇವುಗಳ ಕೆಲಸ ಕಡಿಮೆಯಾಗುತ್ತಾ ಹೋಯಿತು. ನ್ಯೂರೆಂಬರ್ಗ್‌ನ ಮಾಳಿಗೆಗಳು ಎರಡನೇ ಮಹಾಯುದ್ಧದಲ್ಲಿ ಜನರಿಗೆ ಬಾಂಬ್ ದಾಳಿಯಿಂದ ಆಸರೆಯಾದವು. ಅಲ್ಲಿಗೆ ಗೈಡ್ ಜೊತೆಗೇ ಹೋಗಬೇಕು. ಗುಂಪಿನಲ್ಲಿ ತಲೆದೀಪ ಹಾಕಿಕೊಂಡವರು ಯಾರನ್ನು ಮಾತಾಡಿಸಿದರೂ ಅವರ ಕಣ್ಣು ಕುಕ್ಕುತ್ತದೆ. ಕೈಟಾರ್ಚಾದರೆ ನೆಲಕ್ಕೆ ಹಿಡಿದು ಮಾತಾಡಬಹುದು.

8 ಯೂರೋದ ಹೆಡ್‌ಲ್ಯಾಂಪ್ ಡಿಸ್ಕೌಂಟ್ ಅಂಗಡಿಯದು. ಬೆಳಕು ಕಮ್ಮಿ, ಪಟ್ಟಿ ಸಡಿಲ. ಆದರೂ ನನಗೆ ಇದು ಬೇಕು. ಎರಡೂ ಕೈ ಊರಿ ಏರಬೇಕಾದ ಜಾಗದಲ್ಲಿ ಟಾರ್ಚು ಹಿಡಿಯಲು ಕೈ ಇರುವುದಿಲ್ಲ, ಅಲ್ಲಿ ಹೆಡ್‌ಲ್ಯಾಂಪೇ ಸರಿ. ಹಣೆಗೆ ಕಟ್ಟುವ ಬದಲು ಕುತ್ತಿಗೆಗೆ ಮಾಲೆಯ ಹಾಗೆ ಹಾಕಿಕೊಳ್ಳಿ. ಬೆಳಕು ಎದೆಯಿಂದ ಹೊರಡುವುದರಿಂದ ಉಸಿರಿನ ಮಂಜು ಅಷ್ಟು ಅಡ್ಡ ಬರುವುದಿಲ್ಲ.

ಫೋನಿನ ಟಾರ್ಚು ತುರ್ತಿಗೆ ಮಾತ್ರ.

ಬ್ಯಾಟರಿ ವಿಚಾರದಲ್ಲಿ ಡಬಲ್ ಎ ಸೆಲ್ಲಿನ ಪರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ನಾವೆಲ್ಲ ಹೋಗುವುದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಳ್ಳಿಗಳಲ್ಲಂತೂ ಕೇಳುವುದೇ ಬೇಡ. ಒಳಗೇ ಕೂರಿಸಿದ ಬ್ಯಾಟರಿ ಗುಹೆ ಬಾಗಿಲಲ್ಲಿ ಖಾಲಿಯಾದರೆ ಪವರ್‌ಬ್ಯಾಂಕಿಗೆ ಹಾಕಿ ಗಂಟೆಗಟ್ಟಲೆ ಕೂರಬೇಕು. ಸೆಲ್ ಆದರೆ ಜೇಬಿನಿಂದ ಎರಡನೆಯದು ತೆಗೆದು ಹಾಕಿದರಾಯಿತು. ನನ್ನ ಟಾರ್ಚಿನ ಅತಿ ಜೋರು ಬೆಳಕೇ 150 ಲ್ಯೂಮೆನ್. ಗುಹೆಯಲ್ಲಿ ನಾನು ಬಳಸುವುದು 50.

ಎಷ್ಟೇ ಒಳ್ಳೆ ಟಾರ್ಚಾದರೂ ಒಂದೇ ದೀಪ ನಂಬಿ ಒಳಗೆ ಹೋಗಬೇಡಿ. ಒಬ್ಬೊಬ್ಬರ ಹತ್ತಿರ ಮೂರು ಬೇರೆ ಬೇರೆ ದೀಪ ಇರಬೇಕು ಅನ್ನುವುದು ಗುಹೆ ಇಳಿಯುವವರ ಹಳೆ ನಿಯಮ. ಟಾರ್ಚು, ಅಗ್ಗದ ಹೆಡ್‌ಲ್ಯಾಂಪ್, ಫೋನು ಸೇರಿದರೆ ಮೂರಾಯಿತು. ಫೋನು ಹೇಗೂ ಇರುತ್ತದೆ, ಉಳಿದ ಎರಡಕ್ಕೆ 33 ಯೂರೋ. 80 ಕೊಟ್ಟರೆ ಒಂದೇ ದೀಪ, ಅದೂ ಮಂಜು ಎಬ್ಬಿಸುವಂಥದ್ದು. ರಾತ್ರಿ ಓಡುವವರು, ಕಾಡಿನಲ್ಲಿ ಟೆಂಟ್ ಹಾಕುವವರು ದೊಡ್ಡದನ್ನೇ ಕೊಳ್ಳಲಿ, ಅವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನ ಹಾಗೆ ಬಸ್ಸಿನಲ್ಲಿ ಹೋಗಿ, ಸುಲಭದ ಗುಹೆ ಹೊಕ್ಕು, ಗೋಡೆ ಹತ್ತಿರ ನಿಂತು ನಿಧಾನಕ್ಕೆ ನೋಡುವವರಿಗೆ ಟಾರ್ಚೇ ಸರಿ.

ಈ ಸೀಮೆಯ ಗುಹೆಗಳನ್ನು ಜಗತ್ತಿಗೆ ತಿಳಿಸಿದವರ ಬಳಿ ಇಷ್ಟು ಬೆಳಕೂ ಇರಲಿಲ್ಲ. ಎರ್ಲಾಂಗೆನ್ ಪಕ್ಕದ ಊಟೆನ್‌ರೊಯ್ತ್‌ನ ಪಾದ್ರಿ ಎಸ್ಪರ್ ಬುರ್ಗ್‌ಗೈಲೆನ್‌ರೊಯ್ತ್ ಹತ್ತಿರದ ಗುಹೆಯ ಮೂಳೆಗಳ ಬಗ್ಗೆ 1774ರಲ್ಲಿ ಪುಸ್ತಕ ತಂದರು. ಅದೇ ಗುಹೆಯ ತಲೆಬುರುಡೆಯಿಂದ 1794ರಲ್ಲಿ ಅಂಗರಚನಾಶಾಸ್ತ್ರಜ್ಞ ರೋಸೆನ್‌ಮ್ಯುಲ್ಲರ್ ಈಗ ಅಳಿದುಹೋಗಿರುವ ಗುಹಾಕರಡಿಗೆ ವೈಜ್ಞಾನಿಕ ಹೆಸರು ಕೊಟ್ಟರು. ಕರೆಂಟಿಗೂ ಎಷ್ಟೋ ಹಿಂದಿನ ಮಾತು, ಬೆಂಕಿಯ ಬೆಳಕಿನಲ್ಲೇ ಆದ ಕೆಲಸ ಅದು. ಆ ಗುಹೆ ಈಗ ಸಾರ್ವಜನಿಕರಿಗೆ ತೆರೆದಿಲ್ಲ.

ಯಾವ ದೀಪ ಕೊಂಡರೂ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಅದನ್ನು ಮನೆಯಲ್ಲೇ ಇಡಿ. ಬಾವಲಿಗಳು ಚಳಿಗಾಲ ಕಳೆಯುವ ಗುಹೆಗೂ ಮಾಳಿಗೆಗೂ ಆ ತಿಂಗಳುಗಳಲ್ಲಿ ಹೋಗುವುದನ್ನು ಜರ್ಮನಿಯ ಪ್ರಕೃತಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ನಿದ್ದೆಯಿಂದ ಎಬ್ಬಿಸಿದರೆ ಅವು ಕೂಡಿಟ್ಟ ಕೊಬ್ಬು ಖರ್ಚಾಗಿ ವಸಂತದವರೆಗೆ ಬದುಕುವುದು ಕಷ್ಟ. ಬಾಗಿಲು ಮುರಿದ, ಯಾರದ್ದೆಂದು ಗೊತ್ತಿಲ್ಲದ ಮಾಳಿಗೆಗಳಿಗೆ ಬೇಸಿಗೆಯಲ್ಲೂ ಹೋಗಬೇಡಿ. ಮರಳುಗಲ್ಲಿನ ಸೂರು ಹೇಳದೆ ಕೇಳದೆ ಕುಸಿಯುತ್ತದೆ. ಮೊದಲ ಸಲದವರು ಏಪ್ರಿಲ್ ಶುರುವಾದ ಮೇಲೆ ಓಸ್ವಾಲ್ಡ್ ಗುಹೆಯಿಂದ ಶುರು ಮಾಡಿ, ತೊಳೆಯಲು ಸುಲಭವಾದ ಬೂಟು ಹಾಕಿಕೊಳ್ಳಿ, ಎಬರ್ಮಾನ್‌ಶ್ಟಾಟ್‌ಗೆ ವಾಪಸಾಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.